ಆರೆಂಜ್ ಗ್ರೋವ್‌ನ ಕಲ್ಲುಕಂಬ ಯಾವ ರಾಜಕುಮಾರನದು? ಬಾತ್ ಊರಿನ ಒಂದು ಸ್ಮಾರಕದ ಬಗ್ಗೆ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಒಂದು ದಿನ ಬಾತ್‌ಗೆ ಕರೆದುಕೊಂಡು ಹೋಗಬೇಕು ಅಂತಿದೆ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಅಲ್ಲಿನ ಆರೆಂಜ್ ಗ್ರೋವ್‌ನಲ್ಲಿರುವ ಕಲ್ಲುಕಂಬದ ಫೋಟೊ ಕಳಿಸಿದಾಗ, "ಜೇಮ್ಸ್ ದೊರೆಯನ್ನು ಓಡಿಸಿದ ವಿಲಿಯಮ್‌ನದಲ್ಲವೇ ಇದು? ಡಚ್ಚರ ಮನೆತನಕ್ಕೆ ಇಂಗ್ಲಿಷರ ಊರಲ್ಲಿ ಸ್ಮಾರಕ ಯಾಕೆ?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿಲ್ಲ. ಇದಕ್ಕೂ ಮೊದಲು ಅಲ್ಲಿ ಬೇರೆ ರಾಜಮನೆತನದ ಸ್ಮಾರಕ ಇತ್ತು, ಅದನ್ನು ಕಿತ್ತುಹಾಕಿದರು ಎಂಬುದು ನಿಜವೇ? ಆ ಊರಿನ ಕಲ್ಲೆಲ್ಲ ಕೆಲವು ಕಡೆ ಕರ್ರಗೆ, ಕೆಲವು ಕಡೆ ಬೆಳ್ಳಗೆ ಇರುವುದೇಕೆ, ತೊಳೆಯಬಾರದೇ? ವಯಸ್ಸಾದವರಿಗೆ ಕಷ್ಟವಾಗದಂತೆ ಅರ್ಧ ದಿನದಲ್ಲಿ ಇದನ್ನೆಲ್ಲ ಹೇಗೆ ನೋಡಬಹುದು?

ಉತ್ತರ: ನಿಮ್ಮ ತಂದೆಯವರ ಊಹೆ ಬಹಳ ಜನ ಮಾಡುವಂಥದ್ದೇ, ಆದರೆ ಆ ವಿಲಿಯಮ್ ಅಲ್ಲ. ಜೇಮ್ಸ್‌ನನ್ನು ಓಡಿಸಿ 1689ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದವನು ಮೂರನೇ ವಿಲಿಯಮ್. ಅವನು 1702ರಲ್ಲೇ ತೀರಿಕೊಂಡ, ಮಕ್ಕಳೂ ಇರಲಿಲ್ಲ. ಅವನಿಗಿದ್ದ 'ಆರೆಂಜ್ ರಾಜಕುಮಾರ' ಎಂಬ ಬಿರುದು ದಾಯಾದಿ ಶಾಖೆಯೊಂದಕ್ಕೆ ಹೋಯಿತು. ಆ ಶಾಖೆಯಲ್ಲಿ 1711ರಲ್ಲಿ, ತಂದೆ ಸತ್ತ ಮೇಲೆ ಹುಟ್ಟಿದ ಕೂಸು ನಾಲ್ಕನೇ ವಿಲಿಯಮ್. ಕಂಬ ಇವನದು. 1734ರಲ್ಲಿ ಕಂಬ ನಿಲ್ಲಿಸಿದಾಗ ಇವನು ಇನ್ನೂ ಇಡೀ ಡಚ್ ದೇಶದ ಯಜಮಾನನೂ ಆಗಿರಲಿಲ್ಲ. ಎಲ್ಲ ಪ್ರಾಂತ್ಯಗಳ ಅಧಿಕಾರ ಅವನ ಕೈಗೆ ಬಂದದ್ದು 1747ರಲ್ಲಿ.

ಇವನು ಇಂಗ್ಲೆಂಡಿಗೆ ಬಂದದ್ದು ಮದುವೆಗೆ. ಹೆಣ್ಣು ಎರಡನೇ ಜಾರ್ಜ್ ದೊರೆಯ ಹಿರಿಯ ಮಗಳು ಆ್ಯನ್. 1733ರ ನವೆಂಬರಿನಲ್ಲಿ ಲಂಡನ್‌ಗೆ ಬಂದಿಳಿದ, ಮದುವೆಗೆ ಮುಂಚೆಯೇ ಕಾಯಿಲೆ ಬಿದ್ದ. ಮುಹೂರ್ತ ಮುಂದಕ್ಕೆ ಹೋಯಿತು. ಹೊಸ ವರ್ಷದ ಜನವರಿಯಲ್ಲಿ ವೈದ್ಯರು ಬಾತ್‌ಗೆ ಕಳಿಸಿದರು. ಅಲ್ಲಿನ ಬಿಸಿಬುಗ್ಗೆಯ ನೀರು ಕುಡಿದು ಚೇತರಿಸಿಕೊಂಡ, ಹಿಂತಿರುಗಿದ, 1734ರ ಮಾರ್ಚ್ 14ರಂದು ಮದುವೆಯಾಯಿತು.

ಇಲ್ಲಿ ತಾರೀಖಿನದೊಂದು ಗೋಜಲಿದೆ, ತಂದೆಯವರು ಹಳೆಯ ದಾಖಲೆ ಹುಡುಕಿದರೆ ಖಂಡಿತ ಎಡವುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಸರ್ಕಾರಿ ಲೆಕ್ಕದ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಅವನು ಬಾತ್‌ನಲ್ಲಿದ್ದ ಜನವರಿಯನ್ನೂ ಮದುವೆಯ ಮಾರ್ಚ್ 14ನ್ನೂ ಅಂದಿನ ಕಾಗದಪತ್ರಗಳಲ್ಲಿ 1733 ಎಂದೇ ಬರೆದಿರುತ್ತಾರೆ, ಅಥವಾ 1733/4 ಎಂದು ಎರಡನ್ನೂ ಹಾಕಿರುತ್ತಾರೆ. ಹಾಲೆಂಡಿನ ಪುಸ್ತಕಗಳಲ್ಲಿ ಅದೇ ಮದುವೆಗೆ ಮಾರ್ಚ್ 25 ಎಂದಿರುತ್ತದೆ. ಎರಡು ಪಂಚಾಂಗಗಳ ನಡುವೆ 11 ದಿನದ ಅಂತರ ಇತ್ತು. ಇಂಗ್ಲೆಂಡ್ ಇದನ್ನು ಸರಿಪಡಿಸಿಕೊಂಡದ್ದು 1752ರಲ್ಲಿ. ಕಂಬದ ಮೇಲಿನ ಇಸವಿ ಮಾತ್ರ 1734 ಎಂದೇ ಇದೆ.

ಇನ್ನು ಡಚ್ಚರ ಮನೆತನಕ್ಕೆ ಇಲ್ಲಿ ಯಾಕೆ ಎಂಬುದು. ಪೀಠದ ಮೇಲಿನ ಬರಹವನ್ನೇ ಓದಿ. ಲ್ಯಾಟಿನ್‌ನಲ್ಲಿದೆ, ಇಸವಿ ರೋಮನ್ ಅಂಕಿಗಳಲ್ಲಿದೆ. ಸಾರಾಂಶ ಇಷ್ಟು: ದೇವರ ಕೃಪೆಯಿಂದ, ಬ್ರಿಟನ್ ಹಿಗ್ಗುತ್ತಿರಲು, ಬಿಸಿಬುಗ್ಗೆಯ ನೀರು ಕುಡಿದು ಆರೆಂಜ್ ರಾಜಕುಮಾರನ ಆರೋಗ್ಯ ಮರಳಿ ಬಂದದ್ದರ ನೆನಪಿಗೆ. ಗೆದ್ದ ಯುದ್ಧ, ಹಿರಿಯರ ವಂಶಾವಳಿ, ಕೊಟ್ಟ ದಾನ ಯಾವುದೂ ಇಲ್ಲ. ಅವನು ಆ ಊರಿಗೆ ಮಾಡಿದ ಉಪಕಾರವೆಂದರೆ ಗುಣವಾದದ್ದು! ಒಂದು ಬದಿಯಲ್ಲಿ ಅವನ ಮನೆತನದ ಲಾಂಛನ, ಅದರ ಎದುರು ಬದಿಯಲ್ಲಿ ಈ ಬರಹ. ಗೌರವ ಮನೆತನಕ್ಕೆ, ಪ್ರಚಾರ ನೀರಿಗೆ. ಬಿಸಿನೀರಿನ ಊರುಗಳಲ್ಲಿ ರಾಜಮನೆತನಗಳ ಸ್ಮಾರಕ ನೋಡುವಾಗಲೆಲ್ಲ ಮೊದಲು ಕೇಳಬೇಕಾದ್ದು, ದುಡ್ಡು ಹಾಕಿದವರು ಯಾರು ಎಂದು.

ಇಲ್ಲಿ ದುಡ್ಡು ಹಾಕಿದವನು ರಿಚರ್ಡ್ ನ್ಯಾಶ್. ಜನ 'ಬೋ ನ್ಯಾಶ್' ಅನ್ನುತ್ತಿದ್ದರು, ಶೋಕಿಲಾಲ ಎಂಬ ಅರ್ಥದಲ್ಲಿ. 18ನೇ ಶತಮಾನದ ಮೊದಲ ವರ್ಷಗಳಿಂದ 1761ರಲ್ಲಿ ಸಾಯುವವರೆಗೆ ಬಾತ್‌ನ ಸಭೆ ಸಮಾರಂಭಗಳ ಉಸ್ತುವಾರಿ ಅವನದೇ. ಯಾರು ಯಾರ ಜೊತೆ ಕುಣಿಯಬೇಕು, ಎಷ್ಟು ಗಂಟೆಗೆ ಸಂಗೀತ ನಿಲ್ಲಬೇಕು, ನೃತ್ಯದ ಕೋಣೆಗೆ ಯಾವ ಉಡುಪಿನಲ್ಲಿ ಬರಬಾರದು, ಎಲ್ಲ ಅವನ ಕಟ್ಟಳೆ. ಅವನ ಸಂಪಾದನೆ ಜೂಜಿನಿಂದ. ಊರಿಗೆ ಸಿರಿವಂತರು ಬಂದರೆ ಜೂಜು, ಜೂಜು ನಡೆದರೆ ನ್ಯಾಶ್. ರಾಜಕುಮಾರನೊಬ್ಬ ಇಲ್ಲಿನ ನೀರು ಕುಡಿದು ಎದ್ದು ಹೋಗಿ ಮದುವೆಯಾದ ಎಂಬ ಸುದ್ದಿಯನ್ನು ಕಲ್ಲಿನಲ್ಲಿ ಕೊರೆದು ಅಬ್ಬೆ ಚರ್ಚಿನ ಪಕ್ಕದಲ್ಲೇ, ಎಲ್ಲರೂ ಅಡ್ಡಾಡುವ ತೋಪಿನಲ್ಲಿ ನಿಲ್ಲಿಸಿದ. ಎತ್ತರ ಸುಮಾರು 30 ಅಡಿ, ಅಷ್ಟೇನೂ ದೊಡ್ಡದಲ್ಲ. ರಾಜಕುಮಾರ ಅವನಿಗೊಂದು ಚಿನ್ನದ ನಶ್ಯದ ಡಬ್ಬಿ ಕೊಟ್ಟ. ಅದನ್ನು ನೋಡಿ ಉಳಿದ ಸಿರಿವಂತರೂ ನ್ಯಾಶ್‌ಗೆ ನಶ್ಯದ ಡಬ್ಬಿ ಕೊಡುವುದೇ ಒಂದು ಪದ್ಧತಿಯಾಯಿತು. ತೋಪಿಗೆ ಆರೆಂಜ್ ಗ್ರೋವ್ ಎಂಬ ಹೆಸರು ಬಂದದ್ದೂ ಇದರಿಂದಲೇ, ಅಲ್ಲಿ ಕಿತ್ತಳೆ ಗಿಡ ಹುಡುಕಬೇಡಿ.

ಬರಹದಲ್ಲಿ 'ಕುಡಿದು' ಎಂದೇ ಇರುವುದನ್ನು ತಂದೆಯವರಿಗೆ ತೋರಿಸಿ. ಅದಕ್ಕಿಂತ ಐವತ್ತು ವರ್ಷ ಹಿಂದೆ ಆಗಿದ್ದರೆ 'ಮಿಂದು' ಎಂದಿರುತ್ತಿತ್ತು. 17ನೇ ಶತಮಾನದ ಬಾತ್‌ನಲ್ಲಿ ಚಿಕಿತ್ಸೆ ಎಂದರೆ ಕುತ್ತಿಗೆಯವರೆಗೆ ಬಿಸಿನೀರಲ್ಲಿ ಕೂರುವುದು. 1706ರಲ್ಲಿ ಮೊದಲ ಪಂಪ್ ರೂಮ್ ಕಟ್ಟಿ, ಬುಗ್ಗೆಯಿಂದ ನೇರವಾಗಿ ಲೋಟಕ್ಕೆ ನೀರು ತುಂಬಿಸಿ ಕೊಡಲು ಶುರುಮಾಡಿದರು. ಬೆಳಿಗ್ಗೆ ಸಂಗೀತ ಕೇಳುತ್ತ, ಮಧ್ಯೆ ಮಧ್ಯೆ ಬಿಡುವು ಕೊಟ್ಟು ಮೂರು ಗ್ಲಾಸ್ ಕುಡಿಯುವುದು ರೂಢಿಯಾಯಿತು. ಕೊಳದಲ್ಲಿ ಒದ್ದೆಬಟ್ಟೆಯಲ್ಲಿ ಕೂರುವುದಕ್ಕಿಂತ ಪೋಷಾಕು ಹಾಕಿಕೊಂಡು ಲೋಟ ಹಿಡಿದು ನಿಲ್ಲುವುದು ನ್ಯಾಶ್‌ನ ಮಂದಿಗೆ ಹೇಳಿ ಮಾಡಿಸಿದಂತಿತ್ತು. 1734ರ ಕಂಬ ಹೇಳುತ್ತಿರುವುದು ಈ ಹೊಸ ವ್ಯಾಪಾರದ ಮಾತನ್ನೇ.

ಈಗ ಕಿತ್ತುಹಾಕಿದ ಸ್ಮಾರಕದ ವಿಷಯ. ಇದ್ದದ್ದು ನಿಜ. ನನ್ನ ಮಟ್ಟಿಗೆ ಬಾತ್‌ನ ಸ್ಮಾರಕಗಳಲ್ಲೆಲ್ಲ ಹೆಚ್ಚು ಸ್ವಾರಸ್ಯದ್ದು ಇದೇ, ಈಗ ಅದು ಇಲ್ಲದಿದ್ದರೂ.

1687ರ ಆಗಸ್ಟಿನಲ್ಲಿ ಎರಡನೇ ಜೇಮ್ಸ್ ದೊರೆ ರಾಣಿ ಮೇರಿಯ ಜೊತೆ ಬಾತ್‌ಗೆ ಬಂದ. ರಾಣಿ ಇಟಲಿಯ ಮೊಡೆನಾ ಮನೆತನದವಳು, ಕ್ಯಾಥೊಲಿಕ್. ಹೆತ್ತ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ದೊರೆ ಅಲ್ಲಿಂದ ನಾಡಿನ ಪ್ರವಾಸಕ್ಕೆ ಹೊರಟ, ದಾರಿಯಲ್ಲಿ ಗಂಡುಸಂತಾನಕ್ಕಾಗಿ ವೇಲ್ಸ್‌ನ ಹೋಲಿವೆಲ್ ತೀರ್ಥಕ್ಕೂ ಹೋಗಿ ಬಂದ. ರಾಣಿ ಬಾತ್‌ನಲ್ಲೇ ಉಳಿದು ಕ್ರಾಸ್ ಬಾತ್ ಎಂಬ ಸಣ್ಣ ಕೊಳದಲ್ಲಿ ಸ್ನಾನ ಮಾಡಿದಳು. ಬಸಿರಾದಳು. 1688ರ ಜೂನ್ 10ರಂದು ಗಂಡುಮಗು ಹುಟ್ಟಿತು. ದೊರೆಯ ಮಂತ್ರಿ, ಮೆಲ್‌ಫರ್ಟ್‌ನ ಅರ್ಲ್ ಜಾನ್ ಡ್ರಮಂಡ್, ಆ ಕೊಳದ ನಡುವೆ ಅಮೃತಶಿಲೆಯ ಸ್ಮಾರಕ ಎತ್ತಿಸಿದ: ಮೂರು ಕಂಬ, ಅವುಗಳ ಮೇಲೆ ಗುಮ್ಮಟದಂಥ ತಲೆ, ತುದಿಗೆ ಶಿಲುಬೆ, ಸುತ್ತ ದೇವದೂತ ಶಿಶುಗಳು. ಜೇಮ್ಸ್‌ನ ಸ್ಟುವರ್ಟ್ ಮನೆತನದ ವಾರಸುದಾರನನ್ನು ಈ ನೀರು ಕೊಟ್ಟಿತು ಎಂದು ಸಾರುವ ಸ್ಮಾರಕ ಅದು.

ಮಗು ಹುಟ್ಟಿದ್ದೇ ಮನೆತನಕ್ಕೆ ಮುಳುವಾಯಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಪ್ರಾಟೆಸ್ಟೆಂಟರು, ಈ ಮುದಿ ಕ್ಯಾಥೊಲಿಕ್ ದೊರೆ ಹೋದ ಮೇಲೆ ಅವನ ಪ್ರಾಟೆಸ್ಟೆಂಟ್ ಮಗಳು ಬರುತ್ತಾಳೆ ಎಂದು ತಡೆದುಕೊಂಡಿದ್ದರು. ಗಂಡುಮಗು ಹುಟ್ಟಿದ ಮೇಲೆ ಆ ನಂಬಿಕೆ ಹೋಯಿತು. ಮಗು ರಾಣಿಯದೇ ಅಲ್ಲ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆಯಲ್ಲಿ ಬಚ್ಚಿಟ್ಟು ಒಳಗೆ ತಂದದ್ದು ಎಂದು ಗುಲ್ಲೆಬ್ಬಿಸಿದರು. ಮಗು ಹುಟ್ಟಿ ಮೂರು ವಾರದೊಳಗೆ, ಜೂನ್ 30ರಂದು, ಏಳು ಮಂದಿ ಗಣ್ಯರು ಹಾಲೆಂಡಿಗೆ ಕರೆಯೋಲೆ ಕಳಿಸಿದರು. ಓಲೆ ಯಾರಿಗೆ? ಆರೆಂಜ್‌ನ ವಿಲಿಯಮ್‌ಗೆ, ನಿಮ್ಮ ತಂದೆಯವರು ಹೇಳಿದ ಆ ಮೂರನೇ ವಿಲಿಯಮ್‌ಗೆ. ಅವನು ಜೇಮ್ಸ್‌ನ ಅಕ್ಕನ ಮಗನೂ ಹೌದು, ಅಳಿಯನೂ ಹೌದು. ನವೆಂಬರ್ 5ರಂದು ಸೇನೆಯೊಂದಿಗೆ ಬಂದಿಳಿದ. ಡಿಸೆಂಬರಿನಲ್ಲಿ ಜೇಮ್ಸ್ ಫ್ರಾನ್ಸಿಗೆ ಓಡಿದ.

ಅಂದರೆ ತಂದೆಯವರು ಕಂಬವನ್ನು ತಪ್ಪಾಗಿ ಗುರುತಿಸಿದರೂ ಕಥೆಯ ಎಳೆಯನ್ನು ಸರಿಯಾಗಿಯೇ ಹಿಡಿದಿದ್ದಾರೆ. ಕ್ರಾಸ್ ಬಾತ್‌ನ ಶಿಲುಬೆ ಸ್ಟುವರ್ಟರದು, ಆರೆಂಜ್ ಗ್ರೋವ್‌ನ ಕಂಬ ಅವರನ್ನು ಕಿತ್ತೆಸೆದ ಮನೆತನದ್ದು. ಎರಡರ ನಡುವೆ 46 ವರ್ಷ, ಐದಾರು ನಿಮಿಷದ ನಡಿಗೆ.

ಮೆಲ್‌ಫರ್ಟ್ ಶಿಲುಬೆಯನ್ನು ಜೇಮ್ಸ್ ಪಟ್ಟ ಕಳೆದುಕೊಂಡ ಈ ಕ್ರಾಂತಿಯಾದ ಕೂಡಲೇ ಒಡೆದು ಹಾಕಲಿಲ್ಲ. ಬಹುಶಃ ಸ್ಥಳೀಯರಿಗೆ ರಾಣಿಯ ಬಸಿರಿನ ಕಥೆ ಒಳ್ಳೆಯ ಜಾಹೀರಾತಾಗಿಯೇ ಕಂಡಿರಬೇಕು. ಕಣ್ಣಿಗೆ ಚುಚ್ಚುವ ಬರಹಗಳೂ ಕ್ಯಾಥೊಲಿಕ್ ಗುರುತುಗಳೂ ಮೊದಲು ಹೋದವು, ಉಳಿದ ಭಾಗ 18ನೇ ಶತಮಾನದ ಕೊನೆಗೆ ವಾಸ್ತುಶಿಲ್ಪಿ ಥಾಮಸ್ ಬಾಲ್ಡ್‌ವಿನ್ ಕೊಳವನ್ನು ಹೊಸದಾಗಿ ಕಟ್ಟುವ ಹೊತ್ತಿಗೆ ಹೋಯಿತು. ಕ್ರಾಸ್ ಬಾತ್ ಎಂಬ ಹೆಸರು ಈ ಶಿಲುಬೆಯಿಂದ ಬಂದದ್ದು ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. 16ನೇ ಶತಮಾನದಲ್ಲೇ ಆ ಹೆಸರಿತ್ತು.

1734ರ ಕಂಬಕ್ಕೆ ರಾಜಕೀಯವೂ ಇತ್ತು ಅನ್ನುವುದಕ್ಕೆ ಇನ್ನೊಂದು ಸಂಗತಿ ಸೇರಿಸುತ್ತೇನೆ. ಜೇಮ್ಸ್‌ನ ಆ ಮಗು ದೊಡ್ಡವನಾಗಿ, ಪಟ್ಟ ತನ್ನದೆಂದು 1715ರಲ್ಲಿ ದಂಗೆಯೆದ್ದಾಗ, ಬಾತ್‌ನಲ್ಲಿ ಬಚ್ಚಿಟ್ಟ ಆಯುಧಗಳು ಸಿಕ್ಕವು. ಸೈನ್ಯ ಬಂದು ಕೂತಿತು. ಆಗ ಬಂದ ಜನರಲ್ ಜಾರ್ಜ್ ವೇಡ್ 1722ರಲ್ಲಿ ಅದೇ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ. ಇಂಥ ಹಿನ್ನೆಲೆಯಿದ್ದ ಊರಿನ ನಡುಮಧ್ಯೆ 'ಆರೆಂಜ್' ಎಂದು ಕೊರೆದ ಕಂಬ ನಿಂತರೆ, ನಾವು ಈಗ ಯಾರ ಕಡೆ ಎಂಬುದು ಓದಲು ಬಾರದವನಿಗೂ ತಿಳಿಯುತ್ತಿತ್ತು.

ನ್ಯಾಶ್ ಅಷ್ಟಕ್ಕೇ ಬಿಡಲಿಲ್ಲ. 1738ರಲ್ಲಿ ಎರಡನೇ ಜಾರ್ಜ್‌ನ ಮಗ, ಯುವರಾಜ ಫ್ರೆಡರಿಕ್ ಹೆಂಡತಿಯೊಡನೆ ಬಾತ್‌ಗೆ ಬಂದ. ಆ ಹೊತ್ತಿಗೆ ಅಪ್ಪ ಮಗನಿಗೆ ಮಾತಿಲ್ಲ, ದೊರೆ ಹಿಂದಿನ ವರ್ಷವೇ ಮಗನನ್ನು ಅರಮನೆಯಿಂದ ಹೊರಗೆ ಹಾಕಿದ್ದ. ತಂಗಿ ಆ್ಯನ್‌ಗೂ ಅಣ್ಣ ಫ್ರೆಡರಿಕ್‌ಗೂ ಕೂಡ ಆಗಿಬರುತ್ತಿರಲಿಲ್ಲ. ನ್ಯಾಶ್‌ಗೆ ಇದ್ಯಾವುದೂ ಅಡ್ಡಿಯಾಗಲಿಲ್ಲ. ತಂಗಿಯ ಗಂಡನಿಗೆ ಒಂದು ಕಂಬ, ಅಣ್ಣನಿಗೆ ಕ್ವೀನ್ ಸ್ಕ್ವೇರ್‌ನಲ್ಲಿ ಇನ್ನೊಂದು, ಅದೂ 70 ಅಡಿಯದು. ಬರಹಕ್ಕಾಗಿ ಕವಿ ಅಲೆಕ್ಸಾಂಡರ್ ಪೋಪ್‌ಗೆ ದುಂಬಾಲು ಬಿದ್ದ. ಪೋಪ್ ಒಲ್ಲದ ಮನಸ್ಸಿನಿಂದ, ಇದಕ್ಕಿಂತ ಸಪ್ಪೆ ಸಾಧ್ಯವಿಲ್ಲ ಎನ್ನುವಂತೆ ಒಂದೇ ವಾಕ್ಯ ಬರೆದುಕೊಟ್ಟ: ಊರಿಗೆ ಸಿಕ್ಕ ಗೌರವಕ್ಕೂ ಉಪಕಾರಕ್ಕೂ ಕೃತಜ್ಞತೆಯಿಂದ ರಿಚರ್ಡ್ ನ್ಯಾಶ್ ನಿಲ್ಲಿಸಿದ್ದು, ಅಷ್ಟೆ. ಈ ಕಂಬದ ತುದಿ ಸೂಜಿಯಂತೆ ಚೂಪಾಗಿತ್ತು. 1815ರ ಬಿರುಗಾಳಿಗೆ ಮುರಿದು ಬಿತ್ತು. ಈಗ ನೋಡಿದರೆ ಮೊಂಡು, ಕಲಾವಿದ ಹಾಗೆ ಮಾಡಿದ್ದಲ್ಲ.

ವಿಕ್ಟೋರಿಯಾ ಪಾರ್ಕಿನ ಮೂರನೇ ಕಂಬ 1837ರದು, ವಿಕ್ಟೋರಿಯಾಗೆ 18 ತುಂಬಿದ್ದಕ್ಕೆ. ಮೂರು ಮುಖದ ಕಂಬ, ಕೆಳಗೆ ಸಿಂಹಗಳು. ಆಕೆ 11 ವರ್ಷದ ಹುಡುಗಿಯಾಗಿದ್ದಾಗ 1830ರಲ್ಲಿ ಬಂದು ಆ ಉದ್ಯಾನವನ್ನು ಉದ್ಘಾಟಿಸಿದ್ದಳು. ಆಕೆಯ ಕಾಲಿನ ಗಿಣ್ಣಿನ ಬಗ್ಗೆ ಯಾರೋ ಆಡಿಕೊಂಡರೆಂದು ಮತ್ತೆ ಬಾತ್‌ಗೆ ಕಾಲಿಡಲಿಲ್ಲ ಎಂದು ಗೈಡುಗಳು ಹೇಳುವುದನ್ನು ನಗುತ್ತ ಕೇಳಿ, ನಂಬಬೇಡಿ.

ಕಲ್ಲಿನ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಯಾಕೆಂದರೆ ಕಣಶಿಲೆಯ ಗುಡಿಗಳನ್ನು ನೋಡಿ ಬೆಳೆದ ನಮಗೆ ಈ ಕಲ್ಲಿನ ಸ್ವಭಾವ ಹೊಸದು.

ಬಾತ್ ಕಲ್ಲು ಸುಣ್ಣಕಲ್ಲು. ಜುರಾಸಿಕ್ ಕಾಲದ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ, ಚಿಪ್ಪಿನ ಚೂರುಗಳ ಸುತ್ತ ಸುಣ್ಣ ಸುತ್ತಿಕೊಂಡು ಸಣ್ಣ ಸಣ್ಣ ಗುಂಡುಗಳಾಗಿ, ಅವು ಒಂದಕ್ಕೊಂದು ಅಂಟಿ ಆದದ್ದು. ಭೂತಗನ್ನಡಿಯಲ್ಲಿ ನೋಡಿದರೆ ಮೀನಿನ ಮೊಟ್ಟೆಯ ಗೊಂಚಲಿನಂತೆ ಕಾಣುತ್ತದೆ. ಊರಿನ ಪಕ್ಕದ ಕೂಂಬ್ ಡೌನ್ ಗುಡ್ಡದ ಗಣಿಗಳಿಂದ ರಾಲ್ಫ್ ಆ್ಯಲೆನ್ ಎಂಬವನು 18ನೇ ಶತಮಾನದಲ್ಲಿ ಇದನ್ನು ರಾಶಿ ರಾಶಿ ತೆಗೆಸಿದ. ಹೊಸದಾಗಿ ತೆಗೆದಾಗ ಗರಗಸದಲ್ಲಿ ಕೊಯ್ಯುವಷ್ಟು ಮೆತ್ತಗಿರುತ್ತದೆ. ಒಳಗಿನ ತೇವ ಆರುತ್ತ ಬಂದಂತೆ ಕರಗಿದ ಸುಣ್ಣ ಮೇಲ್ಮೈಗೆ ಬಂದು ಗಟ್ಟಿಯಾಗುತ್ತದೆ. ಹಾಗೆ ಆರುವ ಮೊದಲೇ ಚಳಿಗಾಲದ ಹಿಮಕ್ಕೆ ಸಿಕ್ಕರೆ ಒಳಗಿನ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಅದಕ್ಕೇ ತೆಗೆದ ಕಲ್ಲನ್ನು ಒಣಗಿಸಿಟ್ಟು ಬಳಸುತ್ತಿದ್ದರು.

ಇನ್ನೊಂದು ಎಚ್ಚರ ಪದರದ್ದು. ನೆಲದೊಳಗೆ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಿಸಬೇಕು. ಪದರವನ್ನು ನಿಲ್ಲಿಸಿ, ಮುಖ ಹೊರಗೆ ಬರುವಂತೆ ಇಟ್ಟರೆ ಕೆಲವೇ ದಶಕಗಳಲ್ಲಿ ಪುಸ್ತಕದ ಹಾಳೆಯ ಹಾಗೆ ಎದ್ದು ಬರುತ್ತದೆ. ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿಗೆ ಮಾತ್ರ ಬೇರೆ ನಿಯಮ: ಅಲ್ಲಿ ಪದರ ನಿಂತಿರಬೇಕು, ಆದರೆ ಅಂಚು ಹೊರಮುಖವಾಗಿ. ಮಲಗಿಸಿದರೆ ಕೆಳಗಿನ ಪದರ ಕಳಚಿ ಬೀಳುತ್ತದೆ.

ಈಗ ಕಪ್ಪು. 18, 19ನೇ ಶತಮಾನಗಳಲ್ಲಿ ಪ್ರತಿ ಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಹೊಗೆಯಲ್ಲಿನ ಗಂಧಕ ತೇವದ ಜೊತೆ ಸೇರಿ ಆಮ್ಲವಾಗಿ, ಕಲ್ಲಿನ ಸುಣ್ಣದ ಮೇಲೆ ಕೂತು ಅದನ್ನು ಜಿಪ್ಸಂ ಮಾಡುತ್ತದೆ. ಜಿಪ್ಸಂ ಹರಳು ಬೆಳೆಯುವಾಗ ಮಸಿಯನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಮಳೆ ನೇರ ಬೀಳುವ ಕಡೆ ಇದು ಕರಗಿ ತೊಳೆದುಹೋಗುತ್ತದೆ, ಜೊತೆಗೆ ಕಲ್ಲಿನ ಮೈಯೂ ಅಷ್ಟಷ್ಟೇ ಸವೆಯುತ್ತದೆ. ಮಳೆ ತಾಕದ ಮರೆಯಲ್ಲಿ, ಪೀಠದ ಅಂಚಿನ ಕೆಳಗೆ, ಕೆತ್ತನೆಯ ಸಂದಿಯಲ್ಲಿ ಕಪ್ಪು ಚಕ್ಕೆಯಾಗಿ ಕೂರುತ್ತದೆ. ಅಲ್ಲಿ ಮಳೆಗಾಳಿ ಹೆಚ್ಚಾಗಿ ನೈಋತ್ಯದಿಂದ ಬರುವುದರಿಂದ, ಬಯಲಲ್ಲಿ ನಿಂತ ಕಂಬವಾದರೆ ಆ ದಿಕ್ಕಿನ ಮುಖ ಬೆಳ್ಳಗಿದ್ದು ಕೆತ್ತನೆ ಮೊಂಡಾಗಿರುತ್ತದೆ. ಬೆಳ್ಳಗಿರುವ ಕಡೆ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ. ಕಪ್ಪು ಕಡೆಯದೂ ಆರೋಗ್ಯವಲ್ಲ: ಚಕ್ಕೆ ಉಬ್ಬಿ ಕಳಚಿದಾಗ ಹಿಂದೆ ಸಕ್ಕರೆಯಂತೆ ಉದುರುವ ಕಲ್ಲು ಕಾಣುತ್ತದೆ.

ತೊಳೆಯಬಾರದೇ ಅಂದರೆ, ತೊಳೆಯಬಹುದು, ಹೇಗೆ ಎಂಬುದೇ ಪ್ರಶ್ನೆ. ಮರಳು ಸಿಡಿಸಿ ಉಜ್ಜುವ ಕೆಲಸ ಕಳೆದ ಶತಮಾನದಲ್ಲಿ ಬ್ರಿಟನ್ನಿನ ಹಲವು ಕಟ್ಟಡಗಳ ಮೇಲೆ ನಡೆಯಿತು. ಕಪ್ಪಿನ ಜೊತೆಗೆ ಗಟ್ಟಿಯಾದ ಹೊರಮೈಯೂ ಉಳಿ ಗುರುತುಗಳೂ ಹೋದವು. ಆಮ್ಲ ಹಾಕಿದರೆ ಸುಣ್ಣಕಲ್ಲು ಬುರುಗೆದ್ದು ಕರಗುತ್ತದೆ. ಜೋರು ಪ್ರೆಶರ್ ನೀರು ಬಿಟ್ಟರೆ ಸಂದಿಗಳೊಳಗೆ ನುಗ್ಗಿ, ಒಳಗಿನ ಕಬ್ಬಿಣದ ಅಂಶ ಕಂದು ಕಲೆಯಾಗಿ ಹೊರಗೆ ಬರುತ್ತದೆ. ಸರಿಯಾದ ಕ್ರಮ ಎಂದರೆ ಮಂಜಿನಂಥ ಸಣ್ಣ ಹನಿಯನ್ನು ಬಿಟ್ಟು ಬಿಟ್ಟು ಸಿಂಪಡಿಸಿ, ಜಿಪ್ಸಂ ಮೆತ್ತಗಾದ ಮೇಲೆ ನಾರಿನ ಬ್ರಷ್‌ನಿಂದ ತೆಗೆಯುವುದು. ತಂತಿ ಬ್ರಷ್ ಕೂಡದು, ಮುರಿದ ತಂತಿಯ ಚೂರು ಕಲ್ಲಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ. ಕೆತ್ತನೆಯ ಮೇಲಾದರೆ ಅಮೋನಿಯಂ ಕಾರ್ಬೊನೇಟ್ ಕಲಸಿದ ಲೇಪ ಹಚ್ಚಿ, ಮೇಲೆ ಹಾಳೆ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ತೊಳೆಯುತ್ತಾರೆ. ಮೊದಲು ಮರೆಯಲ್ಲಿ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡದೆ ಯಾವುದನ್ನೂ ಶುರುಮಾಡುವುದಿಲ್ಲ.

ತೊಳೆದ ಮೇಲೆ ದುರಸ್ತಿ. ಇಂಥ ಕಲ್ಲಿಗೆ ದೊಡ್ಡ ಶತ್ರು ಸಿಮೆಂಟ್. ಸಂದಿಗೆ ಸಿಮೆಂಟ್ ತುಂಬಿದರೆ ಅದು ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಗೆ ಬಿಡುವುದಿಲ್ಲ. ಒಳಗಿನ ತೇವ ಕಲ್ಲಿನ ಮೂಲಕವೇ ಹೊರಗೆ ಬರಬೇಕಾಗುತ್ತದೆ, ಬರುವಾಗ ತಂದ ಉಪ್ಪು ಕಲ್ಲಿನ ಚರ್ಮದ ಕೆಳಗೆ ಹರಳುಗಟ್ಟಿ ಅದನ್ನು ಹೊರಗೆ ತಳ್ಳುತ್ತದೆ. ಕೆಲವು ವರ್ಷಗಳಲ್ಲಿ ಸಂದಿಯ ಸಿಮೆಂಟ್ ಎದ್ದು ನಿಂತಿರುತ್ತದೆ, ಕಲ್ಲು ಹಿಂದೆ ಸರಿದಿರುತ್ತದೆ. ಹಳೆಯ ಮನೆಗಳಲ್ಲಿ ಇದನ್ನು ನೀವೇ ಗುರುತಿಸಬಹುದು. ಆದ್ದರಿಂದ ಗಾರೆ ಯಾವಾಗಲೂ ಕಲ್ಲಿಗಿಂತ ಮೆತ್ತಗಿರಬೇಕು. ನೀರಿನಲ್ಲಿ ಗಟ್ಟಿಯಾಗುವ ನೈಸರ್ಗಿಕ ಸುಣ್ಣ ಒಂದು ಪಾಲು, ತೊಳೆದ ಮರಳು ಮತ್ತು ಬಾತ್ ಕಲ್ಲಿನ ಪುಡಿ ಸೇರಿ ಎರಡೂವರೆಯಿಂದ ಮೂರು ಪಾಲು. ಎರಡು ಮೂರು ಮಿಲಿಮೀಟರಿನ ನಯವಾದ ಸಂದಿಗಾದರೆ ಮರಳಿಲ್ಲದೆ ಸುಣ್ಣದ ಮುದ್ದೆ ಮತ್ತು ಜರಡಿ ಹಿಡಿದ ಕಲ್ಲುಪುಡಿ ಮಾತ್ರ. ಹಳೆಯ ಗಾರೆಯನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕಾದರೂ ಕೈಯಿಂದ ಬಿಡಿಸಬೇಕು. ಗ್ರೈಂಡರ್ ತಂದರೆ ಒಂದು ಸಲ ಕೈ ಜಾರಿದರೂ ಕಲ್ಲಿನ ಅಂಚು ಹೋಯಿತು. ಕೆಲಸಕ್ಕೆ ಮೊದಲು ಸಂದಿಯನ್ನು ನೆನೆಸಬೇಕು, ಇಲ್ಲದಿದ್ದರೆ ಕಲ್ಲು ಗಾರೆಯ ನೀರನ್ನೆಲ್ಲ ಹೀರಿ ಗಾರೆ ಪುಡಿಯಾಗುತ್ತದೆ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಹಲವು ದಿನ ತೇವ ಕಾಯಬೇಕು. ಉಷ್ಣತೆ 5 ಡಿಗ್ರಿಗಿಂತ ಕೆಳಗಿದ್ದರೆ ಕೆಲಸ ಮುಟ್ಟುವುದೇ ಇಲ್ಲ. ಹಾಗಾಗಿ ಇಂಥ ಕಂಬಗಳ ಸುತ್ತ ಅಟ್ಟಣಿಗೆ ಕಂಡರೆ ಸಾಮಾನ್ಯವಾಗಿ ಅದು ವಸಂತದಿಂದ ಶರತ್ಕಾಲದವರೆಗೆ.

ಎತ್ತರದ ಕಂಬಗಳಲ್ಲಿ ಇನ್ನೂ ಒಂದು ರೋಗ ಇದೆ. ಕಲ್ಲಿನ ಸಾಲುಗಳನ್ನು ಬಿಗಿಯಲು ಒಳಗೆ ಕಬ್ಬಿಣದ ಕೊಂಡಿ ಹಾಕಿದ್ದರೆ, ಸಂದಿಯಿಂದ ನೀರು ಇಳಿದು ತುಕ್ಕು ಹಿಡಿದಾಗ ಕಬ್ಬಿಣ ಹಲವು ಪಟ್ಟು ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಮೂಲೆಯಲ್ಲಿ ತುಕ್ಕಿನ ಕಲೆ ಜೊತೆಗೆ ನೇರ ಬಿರುಕು ಕಂಡರೆ ಅದೇ ಕಾರಣ. ಈಗ ಅವನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಾರೆ.

ಇನ್ನು ನೋಡುವ ಕ್ರಮ. ರೆಡಿಂಗ್‌ನಿಂದ ಬಾತ್ ಸ್ಪಾ ನಿಲ್ದಾಣಕ್ಕೆ ರೈಲು ಒಂದು ಗಂಟೆಯ ಆಸುಪಾಸು. ಕಾರಲ್ಲಿ ಹೋದರೆ ಊರ ನಡುವೆ ಪಾರ್ಕಿಂಗ್‌ಗೆ ಸುತ್ತುವ ಬದಲು ಲ್ಯಾನ್ಸ್‌ಡೌನ್, ನ್ಯೂಬ್ರಿಜ್, ಆಡ್ ಡೌನ್ ಮೂರರಲ್ಲಿ ಒಂದು ಕಡೆ ಕಾರು ಬಿಟ್ಟು ಬಸ್ ಹಿಡಿಯಿರಿ. 2021ರಲ್ಲಿ ಶುರುವಾದ ಶುದ್ಧಗಾಳಿ ವಲಯದ ಶುಲ್ಕಕ್ಕೆ ಖಾಸಗಿ ಕಾರುಗಳು ಸೇರಿರಲಿಲ್ಲ.

ಆರೆಂಜ್ ಗ್ರೋವ್‌ಗೆ ಬೆಳಿಗ್ಗೆಯೇ ಹೋಗಿ. ನಿಲ್ದಾಣದಿಂದ ಸಮತಟ್ಟು ದಾರಿ, ಹತ್ತು ನಿಮಿಷ ಸಾಕು. ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿ, ಮೋಡವಿದ್ದರೆ ಫೋನಿನ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿದು ಇನ್ನೊಂದು ಫೋನಿನಲ್ಲಿ ಫೋಟೊ ತೆಗೆಯಿರಿ. ಶಾಸನ ಓದುವ ಅಭ್ಯಾಸವಿರುವವರಿಗೆ ಸೀಮೆಸುಣ್ಣ, ಹಿಟ್ಟು ಸವರುವ ಆಸೆಯಾಗಬಹುದು. ದಯವಿಟ್ಟು ಬೇಡ, ಈ ಕಲ್ಲು ಅದನ್ನು ಹೀರಿಕೊಳ್ಳುತ್ತದೆ, ಕಾನೂನಿನ ರಕ್ಷಣೆಯೂ ಈ ಸ್ಮಾರಕಕ್ಕಿದೆ.

ಅಲ್ಲಿಂದ ಅಬ್ಬೆಯ ಮುಂದೆ ಹಾದು, ಪಂಪ್ ರೂಮ್ ಪಕ್ಕದಿಂದ ಬಾತ್ ಸ್ಟ್ರೀಟ್‌ನ ಕಂಬಸಾಲಿನ ನೆರಳಲ್ಲಿ ನಡೆದರೆ ಬೀದಿಯ ತುದಿಗೆ ಕ್ರಾಸ್ ಬಾತ್. ಈಗ ಅದು 2006ರಲ್ಲಿ ತೆರೆದ ಥರ್ಮೆ ಬಾತ್ ಸ್ಪಾದ ಭಾಗ, ಒಳಗೆ ಹೋಗಲು ಬೇರೆಯೇ ಬುಕಿಂಗ್ ಬೇಕು. ಹೊರಗಿನ ಮುಖವನ್ನು ನೋಡಲು ಏನೂ ಬೇಡ. ಮೆಲ್‌ಫರ್ಟ್ ಶಿಲುಬೆಯ ಕಥೆಯನ್ನು ತಂದೆಯವರಿಗೆ ಹೇಳಲು ಅದೇ ಜಾಗ. ಅಲ್ಲಿಂದ ಕ್ವೀನ್ ಸ್ಕ್ವೇರ್‌ಗೆ ಏಳೆಂಟು ನಿಮಿಷ, ಸ್ವಲ್ಪ ಏರು. ತೋಟದಲ್ಲಿ ಬೆಂಚುಗಳಿವೆ, ಅಲ್ಲೇ ಕೂತು ಮೊಂಡು ಕಂಬ ನೋಡಿ. ಮಂಡಿನೋವು ಇದ್ದವರು ಇಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ, ವಿಕ್ಟೋರಿಯಾ ಕಂಬ ಉಳಿದೆರಡರಷ್ಟು ಮುಖ್ಯವಲ್ಲ.

ನೀರಿನ ಬಗ್ಗೆ ಎರಡು ಮಾತು. ರೋಮನ್ ಬಾತ್ಸ್‌ನ ದೊಡ್ಡ ಕೊಳಕ್ಕೆ ಇಳಿಯುವಂತಿಲ್ಲ, ಕೈ ಅದ್ದುವುದೂ ಬೇಡ. ಸಂಸ್ಕರಿಸದ ಆ ನೀರಿನಲ್ಲಿದ್ದ ಅಮೀಬಾದಿಂದ 1978ರಲ್ಲಿ ಒಂದು ಹುಡುಗಿ ತೀರಿಕೊಂಡ ಮೇಲೆ ಊರಿನ ಸ್ನಾನಗಳೆಲ್ಲ ನಿಂತವು. ಕುಡಿಯಲು ಕೊಡುವುದು ಕೊಳವೆ ಬಾವಿಯಿಂದ ಬೇರೆಯಾಗಿ ತಂದ ಶುದ್ಧ ನೀರು, ಅದಕ್ಕೆ ಹೆದರಬೇಕಿಲ್ಲ. ಬುಗ್ಗೆಯಲ್ಲಿ ದಿನಕ್ಕೆ 11,70,000 ಲೀಟರ್, 46 ಡಿಗ್ರಿ ಶಾಖದಲ್ಲಿ ಉಕ್ಕುತ್ತದೆ. ರುಚಿ ಉಗುರುಬೆಚ್ಚಗಿನ ಕಬ್ಬಿಣದ ನೀರು ಅಂದುಕೊಳ್ಳಿ, ಅರ್ಧ ಲೋಟ ಸಾಕು. ಮೀಯಲೇಬೇಕು ಅಂದರೆ ಥರ್ಮೆಯಲ್ಲಿ ಸುಮಾರು 33 ಡಿಗ್ರಿಯ ಕೊಳಗಳಿವೆ. ಈಜುಡುಗೆ ಕಡ್ಡಾಯ, ಸೀರೆ ಪಂಚೆ ನಡೆಯುವುದಿಲ್ಲ. 16 ತುಂಬದ ಮಕ್ಕಳನ್ನು ಅದರ ಮುಖ್ಯ ಕಟ್ಟಡದೊಳಗೆ ಬಿಡುವುದಿಲ್ಲ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಊರಿನಿಂದ ಹೊರಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿಕೊಂಡು ಬರಲಿ. ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಆರೆಂಜ್ ಗ್ರೋವ್‌ನಲ್ಲಿ ಬಿಚ್ಚಬೇಡಿ, ಅಲ್ಲಿನ ಕಡಲಹಕ್ಕಿಗಳು ಕೈಯಲ್ಲಿದ್ದ ಚಪಾತಿಯನ್ನೂ ಬಿಡುವುದಿಲ್ಲ.